ಆಸ್ಪತ್ರೆಯ ಹಿಂದೆ ತೋಡಿಟ್ಟಿದ್ದ ಗುಂಡಿ

ಹೊಸದಾಗಿ ಕೆಲಸಕ್ಕೆ ಸೇರುವ ನರ್ಸ್ ಹುಡುಗಿಯರು ನನ್ನನ್ನು ನೋಡಲು ಬಂದಾಗ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ನಿಮಗೆ ಭಯ ಆಗ್ತಿರಲಿಲ್ವಾ? ಪೇಷೆಂಟ್ಸ್ ಹೊಡೀತಿರಲಿಲ್ವಾ?" ಹೊಡೆದಿದ್ದಾರೆ ತಾಯಿ, ಯಾಕೆ ಹೊಡೆದಿಲ್ಲ? ಒಬ್ಬಾಕೆ ಗಂಜಿ ತಟ್ಟೆಯಲ್ಲಿ ಬಾರಿಸಿದ ಗುರುತು ಇವತ್ತಿಗೂ ನನ್ನ ಹುಬ್ಬಿನ ಮೇಲಿದೆ. ಆದರೆ ಆ ಕೆಲಸದ ಕಷ್ಟ ಅದಲ್ಲ. ಯಾವುದು ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಯಾವಾಗ ಹೆಡ್ ನರ್ಸ್ ಆದೆ, ಯಾರಿಂದ ಹಾರ ಹಾಕಿಸಿಕೊಂಡೆ ಎಂಬುದೆಲ್ಲ ಇದರಲ್ಲಿಲ್ಲ, ಅದರಿಂದ ನಿಮಗೆ ಏನೂ ಉಪಯೋಗವೂ ಇಲ್ಲ.

ನಾನು ಚಿಂತಾಮಣಿಯವಳು. ಐವತ್ತರ ದಶಕದ ನಡುವೆ ಆ ಸರಕಾರಿ ಮಾನಸಿಕ ಆಸ್ಪತ್ರೆಗೆ ಸೇರಿದೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಅಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ. ಚಿಕ್ಕಬಳ್ಳಾಪುರದಿಂದ ಪೆರೇಸಂದ್ರದ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಿತ್ತು ಎಂದಷ್ಟೇ ಹೇಳುತ್ತೇನೆ. ಕಂಡಕ್ಟರು "ಹುಚ್ಚಾಸ್ಪತ್ರೆ ಯಾರ್ರೀ ಇಳಿಯೋರು?" ಎಂದು ಕೂಗುತ್ತಿದ್ದ. ಇಡೀ ಬಸ್ಸು ತಿರುಗಿ ನನ್ನನ್ನೇ ನೋಡುತ್ತಿತ್ತು. ನಾನೂ ಅವರನ್ನೆಲ್ಲ ಒಂದು ಸಲ ದುರುಗುಟ್ಟಿಕೊಂಡು ನೋಡಿಯೇ ಇಳಿಯುತ್ತಿದ್ದೆ.

ಕಟ್ಟಡ ಮಹಾರಾಜರ ಕಾಲದ್ದು. ಮೊದಲು ಕುದುರೆ ಲಾಯವಾಗಿತ್ತಂತೆ. ಕುದುರೆಗಳು ಹೋದ ಮೇಲೆ ಗೋಡೆ ಎಬ್ಬಿಸಿ, ಕಂಬಿ ಹಾಕಿ, ಮನುಷ್ಯರನ್ನು ತುಂಬಿದರು. ಹೆಂಗಸರ ವಾರ್ಡಿನ ಗೋಡೆಯಲ್ಲಿ ಕುದುರೆ ಕಟ್ಟುವ ಕಬ್ಬಿಣದ ಬಳೆಗಳು ಹಾಗೇ ಇದ್ದವು. ನಾವು ಅವಕ್ಕೆ ಹಗ್ಗ ಬಿಗಿದು ಸೀರೆ ಒಣಗಿಸುತ್ತಿದ್ದೆವು. ನಮಗಿಂತ ಹಿಂದಿನವರು ಅವಕ್ಕೆ ಏನನ್ನು ಕಟ್ಟುತ್ತಿದ್ದರು ಎಂದು ಒಮ್ಮೆ ಕೇಳಿದೆ. ಹಳಬರೆಲ್ಲ ಒಣಗಿದ ಸೀರೆ ಮಡಿಸಲು ಎದ್ದು ಹೋದರು.

ವಾರ್ಡಿನ ಹಿಂದಿನ ಕಿಟಕಿಯಿಂದ ಕಾಣುತ್ತಿದ್ದುದು ಆಸ್ಪತ್ರೆಯ ಸ್ಮಶಾನ. ಕೇಳುವವರಿಲ್ಲದೆ ಸತ್ತವರನ್ನು ಅಲ್ಲಿ ಹೂಳುತ್ತಿದ್ದರು. ತಲೆಯ ಕಡೆ ಒಂದು ಕಲ್ಲು, ಕಲ್ಲಿನ ಮೇಲೆ ಸುಣ್ಣದಲ್ಲಿ ಒಂದು ನಂಬರು. ಹೆಸರಿಲ್ಲ. ನಾಲ್ಕು ಮಳೆಗೆ ಆ ನಂಬರೂ ತೊಳೆದುಹೋಗಿ ಬರೀ ಕಲ್ಲು ಉಳಿಯುತ್ತಿತ್ತು. ಹೂಳುವ ಕೆಲಸ ಗಂಗಪ್ಪನದು. ಗೌರಿಬಿದನೂರಿನ ಆಚೆಯವನು, ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವನು. ಸತ್ತವರು ಯಾವ ಜನ ಎಂದು ನಮ್ಮನ್ನು ಕೇಳಿ, ಮುಸಲ್ಮಾನರಾದರೆ ಮುಖ ಪಶ್ಚಿಮಕ್ಕೆ ತಿರುಗಿಸಿ, ಲಿಂಗಾಯತರಾದರೆ ಕೂರಿಸಿ, ಮಿಕ್ಕವರನ್ನು ತಲೆ ದಕ್ಷಿಣಕ್ಕೆ ಮಾಡಿ ಮಲಗಿಸುತ್ತಿದ್ದ. ಹಾಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅಲ್ಲಿಯ ನೆಲ ಗಡಾರಿಗೂ ಬಗ್ಗದ ಕಲ್ಲು ನೆಲ. ಬೇಸಿಗೆಯಲ್ಲಿ ಗುಂಡಿ ತೋಡಿ ಮುಗಿಸುವಷ್ಟರಲ್ಲಿ ಹೆಣ ಕೆಡುತ್ತಿತ್ತು. ಅದಕ್ಕೇ ಹಿಂದಿನ ಯಾವನೋ ಸಾಹೇಬ ಒಂದು ಪದ್ಧತಿ ಮಾಡಿಟ್ಟು ಹೋಗಿದ್ದ. ಒಂದು ಗುಂಡಿ ಯಾವಾಗಲೂ ತೋಡಿ ಸಿದ್ಧವಾಗಿರಬೇಕು. ಅದು ತುಂಬಿದ ಕೂಡಲೇ ಇನ್ನೊಂದು ತೋಡಬೇಕು. ಕೇಳಲು ಭೇಷಾದ ವ್ಯವಸ್ಥೆ. ಆದರೆ ಅದನ್ನು ಕಿಟಕಿಯಿಂದ ನೋಡುತ್ತ ಕೂರುವವರು ಇದ್ದಾರೆ ಅನ್ನುವುದು ಆ ಮಹಾನುಭಾವನ ತಲೆಗೆ ಹೋಗಿರಲಿಲ್ಲ. ಬೆಳಿಗ್ಗೆ ನಾನು ವಾರ್ಡಿಗೆ ಕಾಲಿಟ್ಟರೆ ಸಾಕು, ಯಾರಾದರೊಬ್ಬರು ಕಿಟಕಿಯ ಕಡೆ ಕೈ ತೋರಿಸಿ ಕೇಳುತ್ತಿದ್ದರು. "ಅದು ಯಾರ್ದು ಸಿಸ್ಟ್ರಮ್ಮ?"

ಯಾರದೂ ಅಲ್ಲ ಎಂದರೆ ಸುಳ್ಳಾಗುತ್ತಿತ್ತು. ನಿನ್ನದಲ್ಲ ಎಂದರೂ ಸುಳ್ಳಾಗಬಹುದಿತ್ತು. "ಗಂಜಿ ತಣ್ಣಗಾಗ್ತೈತೆ, ಏಳ್ರಮ್ಮ" ಎಂದು ಮಾತು ಮರೆಸುತ್ತಿದ್ದೆ.

ಆ ಕಿಟಕಿಯನ್ನು ಬಿಟ್ಟು ಕದಲದವಳು ಮುನಿನಂಜಮ್ಮ. ಮೇಲೂರಿನ ಹತ್ತಿರದ ಒಂದು ಹಳ್ಳಿಯ, ರೇಷ್ಮೆ ಹುಳ ಸಾಕುವ ಮನೆಯವಳು. ಬಾಣಂತನದಲ್ಲಿ ತಲೆ ಕೆಟ್ಟಿತು, ಕೂಸು ಉಳಿಯಲಿಲ್ಲ, ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಕೊನೆಗೆ ಅಣ್ಣ ಪಿಳ್ಳಪ್ಪ ಎತ್ತಿನ ಗಾಡಿಯಲ್ಲಿ ಹಗ್ಗ ಬಿಗಿದು ತಂದು ಬಿಟ್ಟುಹೋಗಿದ್ದ. ನಾನು ಸೇರುವ ಹೊತ್ತಿಗೆ ಅವಳು ಅಲ್ಲಿ ಹಳಬಳು. ಮಾತಿಲ್ಲ ಕತೆಯಿಲ್ಲ. ಹೊದೆಯಲು ಕೊಟ್ಟ ಕಂಬಳಿಯನ್ನು ಚೂರು ಚೂರು ಮಾಡಿ ನೆಲದ ಮೇಲೆ ಸಮವಾಗಿ ಹರಡುತ್ತಿದ್ದಳು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದಾಳೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸರಕಾರದ ಕಂಬಳಿ ಹರಿದಳೆಂದು ಬೀಗದ ಕೋಣೆಗೆ ಹಾಕುತ್ತಿದ್ದರು.

ಆಗಿನ ಚಿಕಿತ್ಸೆ ಎಂದರೆ ಅಷ್ಟೇ. ಬೀಗದ ಕೋಣೆ, ನಿದ್ದೆ ಬರಿಸುವ ಒಂದು ಔಷಧ, ಮತ್ತೆ ತಲೆಗೆ ಕೊಡುವ ಕರೆಂಟು. ಆ ಔಷಧದ ನಾತ ನಮ್ಮ ಮೈಗೂ ಹತ್ತಿ, ರಜಕ್ಕೆ ಮನೆಗೆ ಹೋದರೆ ನನ್ನ ಅಮ್ಮ "ಮೊದ್ಲು ಹೋಗಿ ತಲೆ ಮೇಲೆ ನೀರು ಹುಯ್ಕೊಳೇ" ಎಂದು ಬಾಗಿಲಲ್ಲೇ ತಡೆಯುತ್ತಿದ್ದಳು. ಆಮೇಲೆ ಹೊಸ ಮಾತ್ರೆಗಳು ಬಂದವು. ಕೆಲವೇ ತಿಂಗಳಲ್ಲಿ ವಾರ್ಡಿನ ಕೂಗಾಟ ಇಳಿಯಿತು. ದೊಡ್ಡ ಡಾಕ್ಟರು, ಅಂದರೆ ನಮ್ಮ ಸೂಪರಿಂಟೆಂಡೆಂಟರು, ಮದುವೆ ಮನೆಯ ಯಜಮಾನರ ಹಾಗೆ ವಾರ್ಡಿನಿಂದ ವಾರ್ಡಿಗೆ ಓಡಾಡಿದರು.

ಅವರಿಗೆ ಕಾಣದ್ದು ನಮಗೆ ಕಂಡಿತು. ಕೂಗಾಟ ನಿಂತ ಮೇಲೆ ಅಳು ಶುರುವಾಯಿತು. ಗಂಡಸರ ವಾರ್ಡಿನಲ್ಲಿ ಗೌರಿಬಿದನೂರಿನ ಕಡೆಯ ಒಬ್ಬ ಮೇಷ್ಟರು ಇದ್ದರು. ದಿನವಿಡೀ ಖಾಲಿ ಗೋಡೆಗೆ ಮಗ್ಗಿ ಹೇಳಿಕೊಡುತ್ತಿದ್ದರು. ಮಾತ್ರೆ ಹಿಡಿದ ಮೇಲೆ ಒಂದು ದಿನ ಥಟ್ಟನೆ ನಿಲ್ಲಿಸಿ, "ಇಲ್ಲಿ ಮಕ್ಕಳೇ ಇಲ್ಲವಲ್ಲ ಸಿಸ್ಟರ್! ನಾನು ಇಷ್ಟು ದಿನ ಯಾರಿಗೆ ಪಾಠ ಮಾಡ್ತಿದ್ದೆ?" ಎಂದು ಕೇಳಿ ಬಿಕ್ಕಿಬಿಕ್ಕಿ ಅತ್ತರು. ಅವರ ಪುಣ್ಯ, ಹೆಂಡತಿ ಗಟ್ಟಿಗಿತ್ತಿ, ಬಂದು ಕೈ ಹಿಡಿದು ರೈಲು ಹತ್ತಿಸಿಕೊಂಡು ಹೋದರು. ಹಾಗೆ ಬಂದವರು ಕಡಿಮೆ. ವಾಸಿಯಾದವರನ್ನು ಮನೆಗೆ ಸೇರಿಸುವುದೇ ಈ ಕೆಲಸದ ನಿಜವಾದ ಕಷ್ಟ, ಬರೆದಿಟ್ಟುಕೊಳ್ಳಿ.

ಮುನಿನಂಜಮ್ಮನಿಗೂ ಮಾತು ಬಂತು. ಕಂಬಳಿ ಹರಿಯುವುದು ನಿಂತಿತು. ಅವಳು ಮೊದಲು ಕೇಳಿದ್ದು, "ನಮ್ಮನೇಲಿ ಈಗ ಯಾವ ಬೆಳೆ ಸಿಸ್ಟ್ರಮ್ಮ? ಹುಳ ಎಷ್ಟನೇ ಜ್ವರದಾಗವೆ?" ಒಂದು ಸಲ ಹುಳ ಸಾಕಿ ಗೂಡು ತೆಗೆಯುವುದನ್ನು ಆ ಕಡೆ ಒಂದು ಬೆಳೆ ಅನ್ನುತ್ತಾರೆ, ಹುಳ ಪೊರೆ ಬಿಡಲು ಸೊಪ್ಪು ಬಿಟ್ಟು ತೆಪ್ಪಗೆ ಕೂರುವುದನ್ನು ಜ್ವರ ಅನ್ನುತ್ತಾರೆ. ಎರಡನೆಯದಾಗಿ ಕೇಳಿದ್ದು ಆ ಗುಂಡಿಯನ್ನು. "ನನ್ನ ಅದರಾಗ್ ಹಾಕ್ಬೇಡ್ರಮ್ಮ. ನಮ್ಮೂರ ಮಣ್ಣಿಗೆ ಹಾಕ್ಸಿ."

"ಮಣ್ಣಿನ ಮಾತು ಯಾಕೆ? ನಡ್ಕೊಂಡೇ ಊರಿಗೆ ಹೋಗ್ತೀಯ. ನಾನು ಕಳಿಸ್ತೀನಿ" ಎಂದೆ. ಹೇಳಿದ ಮೇಲೆ ಮುಗಿಯಿತು, ನಾನು ಹಿಡಿದ ಪಟ್ಟು ಬಿಡುವವಳಲ್ಲ.

ಕರೆಯಿಸಿದಾಗ ಪಿಳ್ಳಪ್ಪ ಬಂದ. ಒಲ್ಲದ ಮನಸ್ಸಿನಿಂದಲೇ ತಂಗಿಯನ್ನು ಕರೆದುಕೊಂಡು ಹೋದ. ನಾಲ್ಕೇ ದಿನಕ್ಕೆ ಅವಳನ್ನು ಗೇಟಿನ ಮುಂದೆ ತಂದು ನಿಲ್ಲಿಸಿ ಬಾಯಿಗೆ ಬಂದ ಹಾಗೆ ಕೂಗಾಡಿದ.

"ಇವ್ಳು ಹುಳದ ತಟ್ಟೆ ಮೇಲೆ ಬಗ್ಗಿ ನೋಡಿದ್ದಷ್ಟೇ ಕಣಮ್ಮ! ಬೆಳಗಾನ ಎದ್ರೆ ಹುಳ ಎಲ್ಲ ತಲೆ ಎತ್ಕೊಂಡು ಒದ್ದಾಡಿ, ಹಸುರು ನೀರು ಕಕ್ಕಿ ಸತ್ತೋದ್ವು. ಬೆಳೆ ಪೂರ್ತಿ ಹೋಯ್ತು. ದಿನಾ ಹೆಣ ಹೂಳೋ ಜಾಗ ಇದು. ಇಲ್ಲಿಂದ ಬಂದೋಳಿಗೆ ಸೂತಕ ಯಾವತ್ತು ಕಳೀತೈತೆ ಹೇಳಿ ನೀವೇ!"

ಅದು ಬರೀ ಕೋಪದ ಮಾತಲ್ಲ. ರೇಷ್ಮೆ ಮಾಡುವ ಮನೆಯಲ್ಲಿ ಹುಳ ಇದ್ದಷ್ಟು ದಿನ ಸಾವಿನ ಮನೆಗೆ ಹೋಗಿ ಬಂದವರನ್ನು ಹೊಸಿಲು ದಾಟಿಸುವುದಿಲ್ಲ. ಅವನ ಕಣ್ಣಿನಲ್ಲಿ ನಮ್ಮ ಆಸ್ಪತ್ರೆಯೇ ಎಂದೂ ಮುಗಿಯದ ಸಾವಿನ ಮನೆ. ಅವನು ತಿರುಗಿ ನೋಡದೆ ಹೋದ.

ನನಗೆ ಹೊಟ್ಟೆ ಉರಿದದ್ದು ಅವನ ಮಾತಿಗಲ್ಲ, ಅದನ್ನು ಅವಳೂ ನಂಬಿದಳಲ್ಲ ಅಂತ. "ನಾನು ಸಾವು ಹೊತ್ಕೊಂಡ್ ಹೋಗಿದ್ದೆ ಸಿಸ್ಟ್ರಮ್ಮ" ಎಂದವಳು ಮತ್ತೆ ಕಿಟಕಿ ಹಿಡಿದಳು. ಊಟ ಅರ್ಧವಾಯಿತು, ಅರ್ಧದ್ದೂ ನಿಂತಿತು. ಮೈ ಕಡ್ಡಿಯಾಯಿತು. ಅದು ಯಾರ್ದು ಎಂದು ಅವಳು ಈಗ ಕೇಳುತ್ತಿರಲಿಲ್ಲ. ಯಾರಾದರೂ ಕೇಳಿದರೆ "ನಂದು" ಅನ್ನುತ್ತಿದ್ದಳು. ಹೀಗೇ ಬಿಟ್ಟರೆ ಅವಳ ಮಾತೇ ನಿಜವಾಗುತ್ತದೆ ಎಂದು ನನಗೆ ಗೊತ್ತಿತ್ತು. ಗಂಗಪ್ಪನಿಗೂ ಗೊತ್ತಿತ್ತು. "ಏಂ ಚೇಸೇದಮ್ಮಾ, ಏನ್ ಮಾಡೋದು" ಎಂದು ತಲೆ ಕೆಳಗೆ ಹಾಕಿಕೊಂಡು ಹೋಗುತ್ತಿದ್ದ.

ಆ ಸಮಯಕ್ಕೆ ಸರಿಯಾಗಿ ಮಲೇರಿಯಾದವರು ಆಸ್ಪತ್ರೆಗೆ ಸೊಳ್ಳೆ ಸಾಯಿಸುವ ಡಿಡಿಟಿ ಹೊಡೆಯಲು ಬಂದರು. ಮೇಲೂರಿನ ಕಡೆ ಹೋಗಿ ಬಂದಿದ್ದರು. ಅವರ ಮೇಸ್ತ್ರಿ ಬೀಡಿ ಹಚ್ಚಿಕೊಂಡು ಗೊಣಗಿದ. "ಇಲ್ಲಾದ್ರೆ ನೆಮ್ಮದಿ ಅಮ್ಮ. ಆ ರೇಷ್ಮೆ ಊರುಗಳಲ್ಲಿ ನಮ್ಮನ್ನ ಕಂಡ್ರೆ ದೊಣ್ಣೆ ತಗೊಂಡು ಬರ್ತಾರೆ. ಈ ಔಷಧಿ ಗಾಳಿ ಬಿದ್ರೂ ಹುಳ ಸಾಯ್ತಾವಂತೆ."

ನನ್ನ ಕೈಲಿದ್ದ ಲೋಟ ಕೆಳಗಿಟ್ಟೆ. ನಮ್ಮಲ್ಲಿ ಯಾರನ್ನೇ ಮನೆಗೆ ಕಳಿಸುವಾಗಲೂ ಹೇನಿಗೆಂದು ತಲೆಗೆ ಅದೇ ಡಿಡಿಟಿ ಪುಡಿ ತಿಕ್ಕಿ ಕಳಿಸುತ್ತಿದ್ದರು. ಅದು ದೊಡ್ಡ ಡಾಕ್ಟರ ಆರ್ಡರು. ಹೊರಗಿನವರು ನಮ್ಮ ಆಸ್ಪತ್ರೆ ಗಲೀಜು ಅನ್ನಬಾರದು ಅಂತ. ಮುನಿನಂಜಮ್ಮ ತಲೆ ತುಂಬ ಪುಡಿ ಹೊತ್ತು ಮನೆಗೆ ಹೋಗಿ, ಎಷ್ಟೋ ವರ್ಷದ ಆಸೆಗೆ, ಹುಳದ ತಟ್ಟೆಯ ಮೇಲೆ ಬಗ್ಗಿದ್ದಳು.

ಅಯ್ಯೋ ದೇವರೇ! ಸೂತಕವೂ ಇಲ್ಲ, ಮಣ್ಣೂ ಇಲ್ಲ. ಡಬ್ಬಿಯಲ್ಲಿದ್ದ ಬಿಳೀ ಪುಡಿ!

ನೇರವಾಗಿ ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ, ಆದರೆ ತಾವು ಮಾಡಿದ ನಿಯಮ ಅವರಿಗೆ ಹೆತ್ತ ಮಗುವಿನ ಹಾಗೆ. "ಸಿಸ್ಟರ್, ಒಂದು ಹುಳ ಸತ್ತಿದ್ದಕ್ಕೆ ನೂರು ಕಾರಣ ಇರುತ್ತೆ. ಒಂದು ಸಲ ಕಳಿಸಿ ಆಯ್ತಲ್ಲ. ಮತ್ತೆ ವಾಪಸ್ ಬಂದ್ರೆ?"

"ಬಂದ್ರೆ ಮತ್ತೆ ಕಳಿಸ್ತೀನಿ ಸಾರ್."

"ಜೀಪ್ ಕೊಡಲ್ಲ."

"ಬಸ್ಸಿದೆ ಸಾರ್."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಮೊಂಡಿ" ಎಂದರು. ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡು ಹೊರಗೆ ಬಂದೆ. ನನ್ನ ವಾರ್ಡಿನಲ್ಲಿ ಆ ಡಬ್ಬಿಯನ್ನು ಅಟ್ಟಕ್ಕೆ ಹಾಕಿಸಿ, ಸೀಗೆಕಾಯಿ, ಹೇನಿನ ಬಾಚಣಿಗೆ ತರಿಸಿದೆ.

ಮುನಿನಂಜಮ್ಮನಿಗೆ ವಿಷಯ ಹೇಳಿದರೆ ನಂಬಬೇಕಲ್ಲ? "ನನ್ ಸಮಾಧಾನಕ್ ಹೇಳ್ತೀರ" ಎಂದು ಮುಖ ತಿರುಗಿಸಿದಳು. ಪಿಳ್ಳಪ್ಪನ ಊರಿಗೆ ನಾನೊಬ್ಬಳೇ ಹೋದೆ. ಅವನ ಹೆಂಡತಿ ಅಕ್ಕಯಮ್ಮ ಹೊಸಿಲ ಒಳಗಿಂದಲೇ ಕೈ ಆಡಿಸಿದಳು. "ಹುಳ ಎರಡನೇ ಜ್ವರಕ್ಕೆ ಕೂತವೆ ಕಣಮ್ಮ. ನೀವು ಅಲ್ಲೇ ನಿಂತ್ಕಳಿ, ಒಳಕ್ ಬರ್ಬೇಡಿ." ಪಿಳ್ಳಪ್ಪ ಹಿತ್ತಲಿಂದ ಜಾರಿಕೊಂಡ. ಎರಡು ವಾರ ಬಿಟ್ಟು ಮತ್ತೆ ಹೋದೆ. "ಹುಳ ಹಣ್ಣಾಗ್ತಾ ಅವೆ, ಈಗಂತೂ ಆಗಲ್ಲ." ಅದು ಮುಗಿದರೆ ಮುಂದಿನ ಬೆಳೆ. ನಮ್ಮ ಕಡೆ ವರ್ಷವಿಡೀ ಒಂದಲ್ಲ ಒಂದು ಬೆಳೆ ಇದ್ದೇ ಇರುತ್ತದೆ. ಜಪ್ಪಯ್ಯ ಅಂದರೂ ಆ ಬಾಗಿಲು ತೆರೆಯುವುದಿಲ್ಲ ಅನ್ನಿಸಿತು.

ಬಸ್ಸಿನಲ್ಲಿ ಕೂತು ವಾಪಸು ಬರುವಾಗ ಯೋಚಿಸಿದೆ. ಹುಳ ಹಣ್ಣಾದರೆ ಗೂಡು ಕಟ್ಟುತ್ತವೆ. ಗೂಡು ಬಿಡಿಸಿ ಮಾರಲು ಅವನು ಶಿಡ್ಲಘಟ್ಟಕ್ಕೆ ಬರಲೇಬೇಕು. ಮಾರಿದ ದಿನ ಮನೆಯಲ್ಲಿ ಒಂದು ಹುಳವೂ ಇರುವುದಿಲ್ಲ. ಮನೆ ತೊಳೆದು ಸುಣ್ಣ ಬಳಿದು ಹೊಸ ಮೊಟ್ಟೆ ತರುವವರೆಗೆ ಯಾವ ಮಡಿಯೂ ಇಲ್ಲ. ಬಾಗಿಲು ಆಗ ತೆರೆಯಲೇಬೇಕು.

ರಜ ಹಾಕಿ ಶಿಡ್ಲಘಟ್ಟಕ್ಕೆ ಹೋದೆ. ಸಿಗಲಿಲ್ಲ. ಮತ್ತೆ ಹೋದೆ, ಸಿಗಲಿಲ್ಲ. ಮೂರನೇ ಸಲ ಮುನಿನಂಜಮ್ಮನಿಗೆ ಸೀಗೆಕಾಯಿ ಸ್ನಾನ ಮಾಡಿಸಿ, ಆಸ್ಪತ್ರೆಯ ಬಟ್ಟೆ ಬಿಡಿಸಿ ನನ್ನದೊಂದು ಸೀರೆ ಉಡಿಸಿ, ಜೊತೆಯಲ್ಲೇ ಕರೆದುಕೊಂಡು ಹೊರಟೆ. ಅವಳಿಗೆ ನಡೆಯಲು ಶಕ್ತಿ ಇರಲಿಲ್ಲ. ಗಂಗಪ್ಪ ತೋಳು ಹಿಡಿದುಕೊಂಡು ಬಂದ. ಇಬ್ಬರನ್ನೂ ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ ಗೂಡು ವ್ಯಾಪಾರದ ಬೀದಿಗೆ ಹೋದೆ.

ಇದ್ದ! ಗೂಡಿನ ಮಂಕರಿಗಳ ನಡುವೆ ಕೂತಿದ್ದ. ಆಗ ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವೆಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು ಹೇಳಿಕೊಳ್ಳುತ್ತಿದ್ದರು. ಪಿಳ್ಳಪ್ಪನ ಕೈ ಟವೆಲಿನ ಕೆಳಗೆ ಸಾಬರೊಬ್ಬರ ಕೈಯಲ್ಲಿತ್ತು. ಎದ್ದು ಓಡಿದರೆ ವ್ಯಾಪಾರ ಮುರಿಯುತ್ತದೆ. ನಾನು ಎದುರಿಗೆ ಹೋಗಿ ನಿಂತೆ.

"ಪಿಳ್ಳಪ್ಪ, ಗೂಡು ಇಲ್ಲೈತೆ ಅಂದ್ರೆ ಮನೇಲಿ ಹುಳ ಇಲ್ಲ ತಾನೆ?"

"ಇ... ಇಲ್ಲ ಸಿಸ್ಟ್ರಮ್ಮ."

"ಮಲೇರಿಯಾದೋರು ಔಷಧಿ ಹೊಡಿಯಕ್ಕೆ ಬಂದಾಗ ನಿಮ್ಮೂರೋರು ಏನ್ ಮಾಡಿದ್ರಿ?"

"ಅದು ಹುಳಕ್ಕೆ ಆಗಲ್ಲ ಅಂತ ಓಡ್ಸಿದ್ವಿ. ಯಾಕೆ?"

"ನಿನ್ ತಂಗೀನ ಕಳಿಸ್ದಾಗ ಅವಳ ತಲೆ ತುಂಬ ತಿಕ್ಕಿದ್ದು ಅದೇ ಪುಡಿ. ಆಸ್ಪತ್ರೆಯೋರೇ ತಿಕ್ಕಿದ್ದು. ಹುಳ ಸಾಯ್ಸಿದ್ದು ಆ ಪುಡಿ, ಅವಳಲ್ಲ."

ಟವೆಲಿನ ಕೆಳಗೆ ಅವನ ಕೈ ಹಿಡಿದಿದ್ದ ಸಾಬರೇ ಮೊದಲು ಮಾತಾಡಿದ್ದು. "ಅರೆ, ಹಂಗಾದ್ರೆ ಸಾಯದೆ ಇರ್ತಾವಾ? ತಂಗಿದೇನ್ ತಪ್ಪಪ್ಪಾ ಅದ್ರಲ್ಲಿ?" ಸುತ್ತಲಿನ ರೈತರೂ ಹೌದೌದು ಎಂದರು. ಆ ಪುಡಿಯ ಗುಣ ಅಲ್ಲಿ ಗೊತ್ತಿಲ್ಲದವರೇ ಇರಲಿಲ್ಲ. ಪಿಳ್ಳಪ್ಪ ಕೈ ಬಿಡಿಸಿಕೊಂಡ, ವ್ಯಾಪಾರವನ್ನೂ ಬಿಟ್ಟ. "ನಾನು ಏನೇನೋ ಅಂದ್ಬಿಟ್ಟೆನಲ್ಲಮ್ಮ ಅವಳ್ನ" ಎಂದು ಅದೇ ಟವೆಲಿನಿಂದ ಮುಖ ಒರೆಸಿಕೊಂಡ. "ಎಲ್ಲವ್ಳೆ?"

ಬಸ್ ಸ್ಟ್ಯಾಂಡಿನಲ್ಲಿ ಅವಳು ಅಣ್ಣನನ್ನು ಕಂಡು ಎದ್ದು ನಿಂತು, ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ತನ್ನ ಗಾಳಿ ಅವನಿಗೆ ತಾಕಬಾರದು ಅಂತ! ನನಗೆ ಕಣ್ಣಲ್ಲಿ ನೀರು ಬಂತು. ಪಿಳ್ಳಪ್ಪ ನೇರವಾಗಿ ಹೋಗಿ ಅವಳ ತಲೆಯ ಮೇಲೆ ಕೈ ಇಟ್ಟು, ಅದೇ ಕೈಯನ್ನು ಮೂಸಿ ನೋಡಿದ. ರೈತನ ಬುದ್ಧಿ ಎಲ್ಲಿ ಹೋಗುತ್ತದೆ? "ಸೀಗೆಕಾಯಿ" ಎಂದ. "ನಡಿಯವ್ವ, ಮನೆಗೆ ಹೋಗಣ."

ಅಕ್ಕಯಮ್ಮ ಒಂದು ಬೆಳೆ ಪೂರ್ತಿ ಅವಳನ್ನು ಹುಳದ ಕೋಣೆಗೆ ಬಿಡಲಿಲ್ಲವಂತೆ. ಮುಂದಿನ ಬೆಳೆಗೆ ಸೊಪ್ಪು ಕತ್ತರಿಸಲು ಬಿಟ್ಟಳು. ಅದರ ಮುಂದಿನದಕ್ಕೆ ತಟ್ಟೆ ಮುಟ್ಟಲು ಬಿಟ್ಟಳು. ಗೂಡು ಚೆನ್ನಾಗಿ ಬಂತು ಎಂದು ಪಿಳ್ಳಪ್ಪ ಹೇಳಿ ಕಳಿಸಿದ. ನಾನು ಆ ಸುದ್ದಿಯನ್ನು ವಾರ್ಡಿನಲ್ಲಿ ಎಲ್ಲರಿಗೂ ಕೂಗಿ ಹೇಳಿದೆ. ದೊಡ್ಡ ಡಾಕ್ಟರಿಗೆ ಎರಡು ಸಲ ಹೇಳಿದೆ. ಡಿಡಿಟಿ ಡಬ್ಬಿಗಳು ಮಿಕ್ಕ ವಾರ್ಡುಗಳಿಂದಲೂ ಸದ್ದಿಲ್ಲದೆ ಮಾಯವಾದವು. ಆರ್ಡರು ರದ್ದಾಯಿತು ಎಂದು ಮಾತ್ರ ಅವರು ಕೊನೆಯವರೆಗೂ ಬಾಯಿ ಬಿಟ್ಟು ಹೇಳಲಿಲ್ಲ.

ಹುಡುಗಿಯರೇ, ಈಗ ನಿಮ್ಮ ಕೈಯಲ್ಲಿ ನಮಗಿಂತ ಒಳ್ಳೆಯ ಔಷಧಗಳಿವೆ. ಆದರೆ ಪೇಷೆಂಟನ್ನು ಮನೆಯವರು ಒಳಗೆ ಬಿಡುತ್ತಿಲ್ಲ ಎಂದರೆ, ಅವರು ಕಟುಕರು ಎಂದು ಬೈದು ಸುಮ್ಮನಾಗಬೇಡಿ. ಆ ಮನೆಯಲ್ಲಿ ಏನು ನಡೆಯುತ್ತಿದೆ, ಯಾವುದಕ್ಕೆ ಹೆದರುತ್ತಿದ್ದಾರೆ ಎಂದು ಹೋಗಿ ನೋಡಿ. ಒಂದು ಸಲಕ್ಕೆ ಆಗದಿದ್ದರೆ ಮತ್ತೆ ಹೋಗಿ.

ಮುಂದಿನ ಮುಂಗಾರು ಶುರುವಾದಾಗ ಮುನಿನಂಜಮ್ಮ ಬಂದಳು. ಮೈ ಕೈ ತುಂಬಿಕೊಂಡಿದ್ದಳು. ಹಿಂದೆ ಪಿಳ್ಳಪ್ಪ, ಅವನ ಹೆಗಲ ಮೇಲೆ ಹಿಪ್ಪುನೇರಳೆ ಕಡ್ಡಿಗಳ ಕಟ್ಟು. ನನ್ನನ್ನು ಕಂಡು ನಕ್ಕಳು, ಮಾತಿಗೆ ನಿಲ್ಲಲಿಲ್ಲ. ಸೀದಾ ಸ್ಮಶಾನಕ್ಕೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಗಪ್ಪನ ಸಲಿಕೆ ಕಸಿದುಕೊಂಡು ತೋಡಿಟ್ಟಿದ್ದ ಗುಂಡಿಗೆ ಮಣ್ಣು ಎಳೆಯತೊಡಗಿದಳು. ಪಿಳ್ಳಪ್ಪ ಸಹಾಯಕ್ಕೆ ಬಗ್ಗಿದರೆ "ನೀನ್ ಸುಮ್ಕಿರಣ್ಣ" ಎಂದು ತಳ್ಳಿದಳು.

ಸದ್ದು ಕೇಳಿ ದೊಡ್ಡ ಡಾಕ್ಟರು ಬಂದರು. "ಏನಿದು? ಯಾರು ಪರ್ಮಿಷನ್ ಕೊಟ್ಟಿದ್ದು?"

ಅವಳು ಸಲಿಕೆ ನಿಲ್ಲಿಸಲಿಲ್ಲ. "ಇದು ನಂದೇ ಸ್ವಾಮಿ. ಎಷ್ಟೋ ವರ್ಷ ಕಾದಿದ್ದೆ ಇದಕ್ಕೆ. ಈಗ ನಂಗೆ ಬೇಡ."

ಗುಂಡಿ ತುಂಬಿತು. ಅವಳು ಮಣ್ಣನ್ನು ಕಾಲಲ್ಲಿ ತುಳಿದು, ಕೂತು ಕಡ್ಡಿಗಳನ್ನು ಒಂದೊಂದಾಗಿ ನೆಟ್ಟಳು. ಗಂಗಪ್ಪ ಅಭ್ಯಾಸ ಬಲದಿಂದ ಗಡಾರಿ ಎತ್ತಿಕೊಂಡು, "ಇದು ತುಂಬ್ತು ಸಾರ್. ಇನ್ನೊಂದು ತೋಡ್ಲಾ?" ಎಂದ.

ಡಾಕ್ಟರು ಅವಳ ಮಣ್ಣು ಮೆತ್ತಿದ ಕೈಗಳನ್ನು ನೋಡಿದರು. "ಬೇಡ ಗಂಗಪ್ಪ. ಯಾರಾದ್ರೂ ಸತ್ತ ಮೇಲೆ ತೋಡು" ಎಂದು ಹೇಳಿ ಹೊರಟುಹೋದರು.

ಕಡ್ಡಿಗೆ ನೀರು ಬೇಕಿತ್ತು. ಕೊಡ ತರಲು ನಾನು ವಾರ್ಡಿನ ಕಡೆ ತಿರುಗಿದೆ. ಕಿಟಕಿಯ ತುಂಬ ಹೆಂಗಸರು ನಿಂತಿದ್ದರು. ಅವರಲ್ಲಿ ಒಬ್ಬಳು ಹೊಸ ಮಣ್ಣಿನ ಕಡೆ ಕೈ ತೋರಿಸಿ ಕೇಳಿದಳು. "ಅದು ಯಾರ್ದು ಸಿಸ್ಟ್ರಮ್ಮ?"

"ಯಾರ್ದೂ ಅಲ್ಲ ಕಣಮ್ಮ" ಎಂದೆ.